ಮನೆಯವರ ನೋವು ನನ್ನ ಸ್ವಾತಂತ್ರ್ಯದ ಮಿತಿಯೇ?

ಪ್ರಶ್ನೆ: ನನಗೆ 29 ವರ್ಷ. ದೂರದ ಊರಿನಲ್ಲಿ ಇಷ್ಟದ ಕೆಲಸ ಸಿಕ್ಕಿದೆ. ಅಲ್ಲಿ ಒಬ್ಬಳೇ ಇರುತ್ತೇನೆ, ಸದ್ಯಕ್ಕೆ ಮದುವೆ ಬೇಡ ಎಂದು ಮನೆಯಲ್ಲಿ ಹೇಳಿದ್ದೇನೆ. 'ಯಾರಿಗೂ ತೊಂದರೆ ಕೊಡುತ್ತಿಲ್ಲ, ನನ್ನ ಬದುಕು ನನ್ನಿಷ್ಟ' ಎಂದರೆ 'ನಮಗೆ ಇಷ್ಟು ನೋವಾಗುತ್ತಿದೆಯಲ್ಲ, ಅದು ತೊಂದರೆ ಅಲ್ಲವೇ?' ಎಂದು ಅಮ್ಮ ಕೇಳುತ್ತಾರೆ. ಎರಡು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅಣ್ಣ 'ಸ್ವಾತಂತ್ರ್ಯ ಬೇರೆ, ಸ್ವೇಚ್ಛಾಚಾರ ಬೇರೆ' ಎಂದು ಹೇಳಿ ನನ್ನ ಪ್ರಮಾಣಪತ್ರಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ. ಇದರ ನಡುವೆ ಇನ್ನೊಂದು. ಹೃದಯದ ಶಸ್ತ್ರಚಿಕಿತ್ಸೆ ಆದ ಮೇಲೂ ಅಪ್ಪ ಸಿಗರೇಟು ಬಿಟ್ಟಿಲ್ಲ. ಕೇಳಿದರೆ 'ನನ್ನ ದೇಹ, ನನ್ನಿಷ್ಟ' ಎನ್ನುತ್ತಾರೆ. ಆಗ ನನಗೆ ಆ ಪ್ಯಾಕೆಟ್ ಕಿತ್ತು ಎಸೆಯಬೇಕು ಅನ್ನಿಸುತ್ತದೆ. ನನಗೆ ಬೇಕಾದ ಸ್ವಾತಂತ್ರ್ಯವನ್ನು ಅವರಿಗೆ ಯಾಕೆ ಕೊಡಲಾರೆ? ವ್ಯಕ್ತಿಸ್ವಾತಂತ್ರ್ಯದ ಮಿತಿ ನಿಜವಾಗಿ ಎಲ್ಲಿದೆ? ಆ ಗೆರೆ ಎಳೆಯುವವರು ಯಾರು?

ಉತ್ತರ: ನಿಮ್ಮ ಪತ್ರ ಓದುತ್ತಾ ಬಂದವನು ಅಪ್ಪನ ಸಿಗರೇಟಿನ ಸಾಲಿಗೆ ಬಂದಾಗ ನಿಂತುಬಿಟ್ಟೆ. ತಮ್ಮ ಸ್ವಾತಂತ್ರ್ಯಕ್ಕೆ ಯಾರು ಅಡ್ಡ ಬಂದರು ಎಂದು ಬರೆಯುವವರು ಬಹಳ ಮಂದಿ. ತಾವು ಇನ್ನೊಬ್ಬರ ಸ್ವಾತಂತ್ರ್ಯಕ್ಕೆ ಅಡ್ಡ ಹೋಗಲು ಹೊರಟ ಗಳಿಗೆಯನ್ನೂ ಅದೇ ಕಾಗದದಲ್ಲಿ ಬರೆಯುವವರು ಅಪರೂಪ. ನೀವು ಹಾಗೆ ಬರೆದದ್ದರಿಂದಲೇ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಉತ್ತರಿಸುವ ಮನಸ್ಸಾಯಿತು.

ಮೊದಲು ಅಣ್ಣನ ಮಾತನ್ನು ನೋಡೋಣ. ಸ್ವಾತಂತ್ರ್ಯ ಬೇರೆ, ಸ್ವೇಚ್ಛಾಚಾರ ಬೇರೆ ಎಂಬುದು ಸುಳ್ಳಲ್ಲ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಕೂಡ ಇದೇ ಭೇದವನ್ನು ಮಾಡಿದ. ಮನುಷ್ಯ ಹುಟ್ಟಿನಿಂದ ಸ್ವತಂತ್ರ, ಆದರೆ ಆ ಸ್ವಾತಂತ್ರ್ಯ ಮನಬಂದಂತೆ ನಡೆಯಲು ಕೊಟ್ಟ ಪರವಾನಗಿಯಲ್ಲ ಎಂದ. ಆದರೆ ಲಾಕ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಇನ್ನೊಬ್ಬರ ಜೀವ, ಆರೋಗ್ಯ, ಸ್ವಾತಂತ್ರ್ಯ, ಸ್ವತ್ತು ಇವುಗಳಿಗೆ ಕೇಡು ಮಾಡಬಾರದು ಎಂದು ಅಳತೆಗೋಲನ್ನೂ ಕೈಗೆ ಕೊಟ್ಟ. ನೀವು ಬೇರೆ ಊರಿನಲ್ಲಿ ದುಡಿದು ಬದುಕುವುದು ಈ ನಾಲ್ಕರಲ್ಲಿ ಯಾವುದಕ್ಕೆ, ಯಾರದ್ದಕ್ಕೆ ಕೇಡು ಮಾಡುತ್ತದೆ ಎಂದು ಅಣ್ಣ ಹೇಳಬೇಕು. ಅಳತೆಗೋಲಿಲ್ಲದೆ ಆಡಿದಾಗ 'ಸ್ವೇಚ್ಛಾಚಾರ' ಎಂಬ ಪದಕ್ಕೆ ಉಳಿಯುವ ಅರ್ಥ ಒಂದೇ: ನೀನು ಮಾಡುತ್ತಿರುವುದು ನನಗೆ ಹಿಡಿಸುತ್ತಿಲ್ಲ.

ಆ ಎರಡು ಪದಗಳನ್ನು ಬಿಡಿಸಿ ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಸ್ವೇಚ್ಛೆಯಲ್ಲಿ ಇರುವುದು ಇಚ್ಛೆ, ಸ್ವಾತಂತ್ರ್ಯದಲ್ಲಿ ಇರುವುದು ತಂತ್ರ. ತಂತ್ರ ಎಂದರೆ ಮಗ್ಗ, ನೂಲು, ಅಲ್ಲಿಂದ ಮುಂದೆ ಹೆಣಿಗೆ, ಕಟ್ಟು, ನಿಯಮ. ತನ್ನ ಬದುಕಿನ ನೇಯ್ಗೆ ತನ್ನ ಕೈಯಲ್ಲೇ ಇರುವವರು ಸ್ವತಂತ್ರರು, ಇನ್ನೊಬ್ಬರ ಮಗ್ಗದಲ್ಲಿ ಎಳೆಯಾಗಿ ಸಿಕ್ಕವರು ಪರತಂತ್ರರು. ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂದು ಕಲಿತಿದ್ದೇವಲ್ಲ, ಅದರ ಹಿಂದಿರುವ ಪಾಣಿನಿಯ ಸೂತ್ರ ಹೀಗಿದೆ: 'ಸ್ವತಂತ್ರಃ ಕರ್ತಾ'. ಕ್ರಿಯೆಯಲ್ಲಿ ಯಾರು ಸ್ವತಂತ್ರರೋ ಅವರೇ ಕರ್ತೃ. ಅದು ವ್ಯಾಕರಣದ ಮಾತು, ನೀತಿಯ ಮಾತಲ್ಲ, ನಿಜ. ಆದರೂ ತರಗತಿಯಲ್ಲಿ ಸ್ವಾತಂತ್ರ್ಯದ ಪಾಠವನ್ನು ನಾನು ಸದಾ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಏಕೆಂದರೆ ಜಗಳದ ಮೂಲ ಅಲ್ಲಿದೆ. ನಿಮ್ಮ ಬದುಕು ಎಂಬ ವಾಕ್ಯದಲ್ಲಿ ನೀವು ಕರ್ತೃವೋ ಕರ್ಮವೋ? 'ಮಗಳಿಗೆ ಮದುವೆ ಮಾಡಿದೆವು' ಎಂಬ ವಾಕ್ಯದಲ್ಲಿ ಮಗಳು ಎಲ್ಲಿ ಕೂತಿದ್ದಾಳೆ ಎಂದು ನೋಡಿದರೆ ಸಾಕು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. 'ಯಾರಿಗೂ ತೊಂದರೆ ಕೊಡುತ್ತಿಲ್ಲ' ಎಂದು ನೀವು ಹೇಳಿದಾಗ, ಗೊತ್ತಿದ್ದೋ ಇಲ್ಲದೆಯೋ, ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್‌ನ ವಾದವನ್ನೇ ಎತ್ತಿಕೊಂಡಿದ್ದೀರಿ. 1859ರಲ್ಲಿ ಬಂದ 'ಆನ್ ಲಿಬರ್ಟಿ'ಯಲ್ಲಿ ಅವನು ಇಟ್ಟ ನಿಯಮ ಕೇಳಲು ಸರಳ. ಪ್ರಾಯಕ್ಕೆ ಬಂದ ಒಬ್ಬ ವ್ಯಕ್ತಿಯ ಮೇಲೆ ಅವರ ಇಷ್ಟಕ್ಕೆ ವಿರುದ್ಧವಾಗಿ ಬಲ ಪ್ರಯೋಗಿಸಲು ಒಂದೇ ಒಂದು ಕಾರಣ ಸಾಕಾದೀತು, ಅದು ಇತರರಿಗೆ ಆಗುವ ಹಾನಿಯನ್ನು ತಡೆಯುವುದು. ಆ ವ್ಯಕ್ತಿಯ ಸ್ವಂತ ಒಳಿತು, ಅದು ದೇಹದ್ದಾಗಲಿ ನಡತೆಯದ್ದಾಗಲಿ, ಬಲವಂತಕ್ಕೆ ಸಾಕಾಗುವ ಕಾರಣವಲ್ಲ. ಅವನು ಇದನ್ನು ಸರ್ಕಾರಕ್ಕೆ ಮಾತ್ರ ಹೇಳಲಿಲ್ಲ ಎಂಬುದನ್ನು ಗಮನಿಸಿ. ಸಮಾಜದ ದಬ್ಬಾಳಿಕೆ ಎಷ್ಟೋ ಬಗೆಯ ರಾಜಕೀಯ ದಬ್ಬಾಳಿಕೆಗಿಂತ ಕಠಿಣ ಎಂದ. ಅದಕ್ಕೆ ಜೈಲು, ಗಲ್ಲು ಬೇಕಿಲ್ಲ. ದಿನನಿತ್ಯದ ಬದುಕಿನ ಒಳಗೊಳಗೆ ಇಳಿದು ಮನಸ್ಸನ್ನೇ ಅಡಿಯಾಳು ಮಾಡಿಕೊಳ್ಳುತ್ತದೆ, ತಪ್ಪಿಸಿಕೊಳ್ಳಲು ದಾರಿಗಳನ್ನೂ ಕಡಿಮೆ ಉಳಿಸುತ್ತದೆ ಎಂದ.

ಹಾಗಾದರೆ ಅಮ್ಮನ ನೋವು? ನಿಮ್ಮ ಅಮ್ಮ ಕೇಳಿದ ಪ್ರಶ್ನೆ ಸಣ್ಣದಲ್ಲ. ಮಿಲ್‌ನ ವಾದಕ್ಕೆ ಬಿದ್ದ ಗಟ್ಟಿಯಾದ ಪೆಟ್ಟುಗಳಲ್ಲಿ ಇದೂ ಒಂದು. ಸಮಾಜದಲ್ಲಿ ಬದುಕುವ ಯಾರೂ ಒಂಟಿ ದ್ವೀಪವಲ್ಲ; ನಾನು ಏನು ಮಾಡಿದರೂ ಅದರ ಬಿಸಿಯೋ ತಂಪೋ ಯಾರಿಗಾದರೂ ತಟ್ಟುತ್ತದೆ. ಹಾಗಿರುವಾಗ 'ಇತರರಿಗೆ ಹಾನಿಯಾಗದ ಕೆಲಸ' ಎಂಬುದು ಇದೆಯೇ?

ಇಲ್ಲಿ ನೋವು ಮತ್ತು ಹಾನಿ ಎಂಬ ಎರಡನ್ನು ಬೇರೆ ಮಾಡದಿದ್ದರೆ ಮುಂದೆ ಹೋಗಲಾಗದು. ಹಾನಿ ಎಂದರೆ ನನಗೆ ಹಕ್ಕಾಗಿ ಸೇರಿದ ಯಾವುದನ್ನೋ ಕಸಿದುಕೊಳ್ಳುವುದು ಅಥವಾ ಕೆಡಿಸುವುದು: ನನ್ನ ದೇಹ, ನನ್ನ ಸಂಪಾದನೆ, ನನ್ನ ಮಾನ, ನನಗೆ ಕೊಟ್ಟ ಮಾತು. ನೋವು ಎಂದರೆ ನಾನು ಬಯಸಿದಂತೆ ಲೋಕ ನಡೆಯದಾಗ ನನ್ನೊಳಗೆ ಆಗುವ ಸಂಕಟ. ಮಿಲ್ ಕೊಡುವ ಉದಾಹರಣೆ ಸ್ಪರ್ಧಾತ್ಮಕ ಪರೀಕ್ಷೆಯದು. ಒಬ್ಬರು ಗೆದ್ದರೆ ಉಳಿದವರಿಗೆ ನಷ್ಟ, ನಿರಾಸೆ, ವರ್ಷಗಳ ಶ್ರಮ ನೀರುಪಾಲು. ಆ ನೋವು ನಿಜವಾದದ್ದು. ಆದರೆ ಗೆದ್ದವರು ಅನ್ಯಾಯ ಮಾಡಿದರು ಎಂದು ಯಾರೂ ಹೇಳುವುದಿಲ್ಲ, ಮೋಸವೋ ಬಲಾತ್ಕಾರವೋ ನಡೆದಿದ್ದರೆ ಮಾತ್ರ ಹೇಳುತ್ತೇವೆ. ನೋವಾಯಿತು ಎಂಬುದರಿಂದಲೇ ತಪ್ಪಾಯಿತು ಎಂದು ಸಾಬೀತಾಗುವುದಿಲ್ಲ.

ಇನ್ನೊಂದು ಕಡೆ ಅವನು ಇನ್ನೂ ಹರಿತವಾಗಿ ಹೇಳುತ್ತಾನೆ. ತನ್ನ ನಂಬಿಕೆಯ ಬಗ್ಗೆ ಒಬ್ಬನಿಗಿರುವ ಭಾವನೆಗೂ, ಅವನು ಹಾಗೆ ನಂಬುತ್ತಾನಲ್ಲ ಎಂದು ನೊಂದುಕೊಳ್ಳುವ ಇನ್ನೊಬ್ಬನ ಭಾವನೆಗೂ ಸರಿಸಮ ಇಲ್ಲ; ಹಣದ ಚೀಲವನ್ನು ಉಳಿಸಿಕೊಳ್ಳಬೇಕೆಂಬ ಒಡೆಯನ ಆಸೆಗೂ ಅದನ್ನು ಹೊಡೆಯಬೇಕೆಂಬ ಕಳ್ಳನ ಆಸೆಗೂ ಸರಿಸಮ ಇಲ್ಲದ ಹಾಗೆ. ಅಮ್ಮನನ್ನು ಕಳ್ಳನಿಗೆ ಹೋಲಿಸುವುದು ನನಗೆ ಇಷ್ಟವಿಲ್ಲ, ನೀವೂ ಹಾಗೆ ಮಾಡಬೇಡಿ. ಆದರೆ ಹೋಲಿಕೆಯ ಒಳತಿರುಳು ಮುಖ್ಯ. ನನ್ನ ಬದುಕಿನ ಬಗ್ಗೆ ನನಗಿರುವ ಆಸೆ ಮತ್ತು ನನ್ನ ಬದುಕಿನ ಬಗ್ಗೆ ಬೇರೆಯವರಿಗಿರುವ ಆಸೆ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿದರೆ ನನ್ನ ಕಡೆ ಇರುವುದು ಒಬ್ಬರು, ಆ ಕಡೆ ಇರುವುದು ಇಡೀ ಬಳಗ. ತೂಕ ಎತ್ತ ವಾಲುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ನೋವೇ ಗೆರೆಯಾಗುವುದಾದರೆ ಹೆಚ್ಚು ನೊಂದುಕೊಳ್ಳಬಲ್ಲವರ ಕೈಗೆ ಎಲ್ಲರ ಬದುಕೂ ಹೋಗುತ್ತದೆ. ಪಕ್ಕದ ಮನೆಯಲ್ಲಿ ತಮ್ಮದಲ್ಲದ ದೇವರ ಪ್ರಾರ್ಥನೆ ನಡೆದರೆ ನೋಯುವವರಿದ್ದಾರೆ, ತಮಗಿಂತ ಕೆಳಗಿನವರು ಎಂದುಕೊಂಡವರು ತಲೆ ಎತ್ತಿ ನಡೆದರೆ ನೋಯುವವರೂ ಇದ್ದಾರೆ. ಆ ನೋವೂ ನಟನೆಯಲ್ಲ, ನಿಜವಾಗಿಯೇ ನೋಯುತ್ತಾರೆ.

ಇಷ್ಟು ಹೇಳಿ 'ಆದ್ದರಿಂದ ಅಮ್ಮನ ನೋವು ಲೆಕ್ಕಕ್ಕಿಲ್ಲ' ಎಂದು ಕೈ ತೊಳೆದುಕೊಳ್ಳುವ ವ್ಯಕ್ತಿವಾದಿಗಳು ಇದ್ದಾರೆ. ಅವರೊಂದಿಗೆ ನಾನು ಒಪ್ಪುವುದಿಲ್ಲ. ಹಕ್ಕಿದೆಯೇ ಎಂಬುದು ಒಂದು ಪ್ರಶ್ನೆ, ಹಕ್ಕನ್ನು ಹೇಗೆ ಬಳಸುತ್ತೇನೆ ಎಂಬುದು ಬೇರೆ ಪ್ರಶ್ನೆ. ಹೋಗುವ ಹಕ್ಕು ನಿಮಗಿದೆ. ಒಂದು ಮಾತೂ ಹೇಳದೆ, ಹೇಗೆ ಇರುತ್ತೇನೆ, ಯಾವಾಗ ಬರುತ್ತೇನೆ, ಅಪ್ಪನಿಗೆ ಹೆಚ್ಚು ಕಡಿಮೆಯಾದರೆ ಏನು ಮಾಡುವುದು ಎಂದು ಕೂತು ಮಾತಾಡದೆ ಎದ್ದು ಹೋಗುವ ಹಕ್ಕೂ ಒಂದರ್ಥದಲ್ಲಿ ಇದೆ. ಆದರೆ ಹಾಗೆ ಹೋದರೆ ಅಮ್ಮ 'ನೀನು ನಿರ್ದಯಿ' ಎಂದರೆ ಆ ದೂರು ನ್ಯಾಯವಾದದ್ದೇ. ಇಷ್ಟು ವರ್ಷ ಪ್ರೀತಿಸಿದವರ ನೋವು ನಿಮ್ಮ ದಾರಿಯನ್ನು ಕಟ್ಟುವುದಿಲ್ಲ, ಆದರೆ ನಿಮ್ಮಿಂದ ಉತ್ತರ ಕೇಳುತ್ತದೆ. ಅನುಮತಿ ಕೇಳುವುದು ಬೇರೆ, ವಿವರಿಸಿ ಹೇಳುವುದು ಬೇರೆ. ಅನುಮತಿ ಕೇಳುವ ಅಗತ್ಯ ನಿಮಗಿಲ್ಲ. ವಿವರಿಸಿ ಹೇಳುವ ಋಣ ಇದೆ ಎಂದು ನನ್ನ ಅಭಿಪ್ರಾಯ, ಒಂದು ಸಲ ಅಲ್ಲ, ಅವರಿಗೆ ಅರ್ಥವಾಗುವ ತನಕ ಹಲವು ಸಲ.

ಇದನ್ನು ನಾನು ದೂರದಲ್ಲಿ ನಿಂತು ಹೇಳುತ್ತಿಲ್ಲ. ನನ್ನ ಮಗ ನಾನು ಒಪ್ಪದ ದಾರಿ ಹಿಡಿದಾಗ, ಮೂವತ್ತು ವರ್ಷ ಇದನ್ನೇ ಪಾಠ ಮಾಡಿದವನು, 'ನನಗೆಷ್ಟು ನೋವಾಗಿದೆ ಗೊತ್ತೇ' ಎಂದು ಕೇಳಿದ್ದೆ. ನೋವಾಗಿದ್ದು ಸುಳ್ಳಲ್ಲ. ಆದರೆ ಆ ಮಾತನ್ನು ನಾನು ಆಡಿದ್ದು ನೋವನ್ನು ತಿಳಿಸಲು ಅಲ್ಲ, ಅವನಿಗೆ ಮೂಗುದಾರ ಹಾಕಲು. ಎರಡಕ್ಕೂ ಮಾತು ಒಂದೇ ಇದ್ದೀತು, ಹೇಳುವವರಿಗೆ ಒಳಗೆ ವ್ಯತ್ಯಾಸ ಗೊತ್ತಿರುತ್ತದೆ.

ಅಮ್ಮ ಮಾತು ಬಿಟ್ಟಿರುವ ಬಗ್ಗೆ ಒಂದು ಕಹಿ ಮಾತು ಹೇಳಬೇಕು. ಅದು ಅವರ ಸ್ವಾತಂತ್ರ್ಯ. ನಿಮ್ಮ ಆಯ್ಕೆಯನ್ನು ಮೆಚ್ಚದಿರಲು, ಮೆಚ್ಚಿಲ್ಲ ಎಂದು ತೋರಿಸಲು, ನಿಮ್ಮಿಂದ ಸ್ವಲ್ಪ ದೂರ ಇರಲು ಅವರಿಗೆ ಹಕ್ಕಿದೆ. ಸ್ವಾತಂತ್ರ್ಯ ಬೇಕೆನ್ನುವವರು ಅದರ ಜೊತೆಗೆ ಎಲ್ಲರ ಒಪ್ಪಿಗೆಯೂ ಬೇಕು ಎಂದು ಕೇಳಲಾಗದು. ಅಮ್ಮ ಅತ್ತರೆ, ಬೈದರೆ, ಬೇಡಿಕೊಂಡರೆ, ಮುಖ ತಿರುಗಿಸಿದರೆ ಅದು ನಿಮಗೆ ಸಂಕಟ, ಬಲಾತ್ಕಾರ ಅಲ್ಲ. ಅಣ್ಣ ಮಾಡಿದ್ದು ಬೇರೆ ಜಾತಿಯ ಕೆಲಸ. ಅಮ್ಮ ನಿಮ್ಮ ಮನಸ್ಸಿನೊಂದಿಗೆ ಹೋರಾಡುತ್ತಿದ್ದಾರೆ, ತೀರ್ಮಾನ ಇನ್ನೂ ನಿಮ್ಮ ಬಳಿಯೇ ಇದೆ. ಅಣ್ಣ ನಿಮ್ಮ ಮನಸ್ಸನ್ನು ಬದಿಗಿಟ್ಟು ಬೀಗದೊಂದಿಗೆ ತೀರ್ಮಾನ ಮಾಡಿದ್ದಾನೆ. ಲಾಕ್‌ನ ಪಟ್ಟಿಗೆ ಮರಳಿದರೆ, ಆ ಮನೆಯಲ್ಲಿ ಇನ್ನೊಬ್ಬರ ಸ್ವಾತಂತ್ರ್ಯ ಮತ್ತು ಸ್ವತ್ತು ಎರಡಕ್ಕೂ ಕೈ ಹಾಕಿದವರು ಒಬ್ಬರೇ. ಸ್ವೇಚ್ಛಾಚಾರ ಎಂಬ ಪದ ಎಲ್ಲಿ ಸಲ್ಲುತ್ತದೆ ಎಂಬುದನ್ನು ಅವನೇ ಯೋಚಿಸಲಿ.

ನಿಮ್ಮ ಕೊನೆಯ ಪ್ರಶ್ನೆ, ಗೆರೆ ಎಳೆಯುವವರು ಯಾರು ಎಂಬುದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಏಕೆಂದರೆ ಸ್ವಾತಂತ್ರ್ಯದ ಇತಿಹಾಸದಲ್ಲಿ ತಪ್ಪುಗಳೆಲ್ಲ ಅಲ್ಲೇ ಆಗಿವೆ. 1789ರ ಫ್ರಾನ್ಸಿನ ಹಕ್ಕುಗಳ ಘೋಷಣೆಯ ನಾಲ್ಕನೆಯ ವಿಧಿ, ಇನ್ನೊಬ್ಬರಿಗೆ ಹಾನಿಯಾಗದ ಎಲ್ಲವನ್ನೂ ಮಾಡಬಲ್ಲವರಾಗಿರುವುದೇ ಸ್ವಾತಂತ್ರ್ಯ ಎಂದಿತು. ಅದರ ಮಿತಿ ಇತರರಿಗೂ ಅದೇ ಹಕ್ಕು ಸಿಗುವಂತೆ ನೋಡಿಕೊಳ್ಳುವುದಷ್ಟೇ ಎಂದಿತು. ಎಷ್ಟು ಚಂದದ ಸಾಲು. ಎರಡು ವರ್ಷದ ನಂತರ, 1791ರಲ್ಲಿ, ಒಲಾಂಪ್ ದ ಗೂಜ್ ಎಂಬ ಲೇಖಕಿ ಹೆಣ್ಣಿನ ಹಕ್ಕುಗಳ ಘೋಷಣೆ ಬರೆದಳು. ಅದರ ನಾಲ್ಕನೆಯ ವಿಧಿಯಲ್ಲಿ, ಹೆಣ್ಣಿನ ಸಹಜ ಹಕ್ಕುಗಳಿಗೆ ಇರುವ ಒಂದೇ ಮಿತಿ ಗಂಡಸು ಅವಳ ಮೇಲೆ ನಡೆಸುವ ಎಡೆಬಿಡದ ದಬ್ಬಾಳಿಕೆ ಎಂದಳು. ಅಂದರೆ ಮೊದಲ ಘೋಷಣೆಯ ಗೆರೆ ಎಲ್ಲರಿಗೂ ಒಂದೇ ಎಂದು ಹೇಳಿಕೊಂಡಿತ್ತು, ಎಳೆದ ಕೈ ಮಾತ್ರ ಒಂದೇ ಕಡೆಯದ್ದಾಗಿತ್ತು. 1793ರಲ್ಲಿ ಅವಳ ತಲೆ ಗಿಲೊಟಿನ್ ಎಂಬ ತಲೆ ಕಡಿಯುವ ಯಂತ್ರಕ್ಕೆ ಹೋಯಿತು.

ಮಿಲ್ ಕೂಡ ಈ ತಪ್ಪಿನಿಂದ ಪಾರಾಗಲಿಲ್ಲ. ವ್ಯಕ್ತಿಸ್ವಾತಂತ್ರ್ಯದ ಅಷ್ಟು ದೊಡ್ಡ ವಕೀಲ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರ. ತನ್ನ ನಿಯಮ ಮಕ್ಕಳಿಗೆ ಅನ್ವಯಿಸುವುದಿಲ್ಲ ಎಂದ, ಅದು ಸರಿ. ಅದೇ ಉಸಿರಿನಲ್ಲಿ, 'ಹಿಂದುಳಿದ' ಜನಾಂಗಗಳಿಗೂ ಅನ್ವಯಿಸುವುದಿಲ್ಲ, ಅವರ ಉದ್ಧಾರವೇ ಗುರಿಯಾಗಿದ್ದರೆ ಅವರನ್ನು ನಿರಂಕುಶವಾಗಿ ಆಳಬಹುದು ಎಂದ. ಈ ಸಾಲನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೆ ಅವನ ನಿಯಮವನ್ನು ಎಸೆಯಲು ಮನಸ್ಸಾಗುವುದಿಲ್ಲ, ಏಕೆಂದರೆ ಆ ಸಾಲು ತಪ್ಪು ಎಂದು ತೋರಿಸಲು ಬೇಕಾದ ಆಯುಧ ಅವನ ನಿಯಮದಲ್ಲೇ ಇದೆ. 'ನಿನ್ನ ಒಳಿತಿಗಾಗಿ' ಎಂಬುದು ಬಲವಂತಕ್ಕೆ ಸಾಕಾಗುವ ಕಾರಣವಲ್ಲ ಎಂದವನೇ, ಬೇರೆ ಜನರ ವಿಷಯ ಬಂದಾಗ ಅದೇ ಕಾರಣವನ್ನು ಒಪ್ಪಿಕೊಂಡ. ಮನೆಯೊಳಗೂ ಇದೇ ನಡೆಯುತ್ತದೆ. ಸ್ವಾತಂತ್ರ್ಯ ಎಲ್ಲರಿಗೂ ಇದೆ ಎನ್ನುತ್ತೇವೆ, ಆಮೇಲೆ ಯಾರೋ ಒಬ್ಬರನ್ನು 'ಇನ್ನೂ ತಿಳಿವಳಿಕೆ ಬಂದಿಲ್ಲ' ಎಂಬ ಗುಂಪಿಗೆ ಸೇರಿಸಿಬಿಡುತ್ತೇವೆ.

ಹಾಗಾದರೆ ಗೆರೆಯನ್ನು ಯಾರು ಎಳೆಯಬೇಕು? ನಿಮ್ಮೊಬ್ಬರ ಕೈಗೆ ಬಿಡಲಾಗದು, ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶ ಆಗಬಾರದು. ಅಣ್ಣನ ಕೈಗೂ ಬಿಡಲಾಗದು, ಅದೇ ಕಾರಣಕ್ಕೆ. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಹೇಳುವ ಪ್ರಕಾರ ಒಬ್ಬರ ಸ್ವಾತಂತ್ರ್ಯ ಎಲ್ಲರ ಸ್ವಾತಂತ್ರ್ಯದೊಂದಿಗೆ ಒಂದು ಸಾಮಾನ್ಯ ನಿಯಮದ ಅಡಿಯಲ್ಲಿ ಹೊಂದಿಕೊಂಡು ಇರಬಲ್ಲದಾದರೆ ಅದು ಅವರ ಹಕ್ಕು. ಇದನ್ನು ಮನೆಮಾತಿಗೆ ಇಳಿಸಿದರೆ: ನೀವು ಎಳೆಯುವ ಗೆರೆ ನಿಮಗೂ ಅನ್ವಯಿಸಬೇಕು. 29 ವರ್ಷದವರ ಪ್ರಮಾಣಪತ್ರಗಳನ್ನು ಅವರ ಒಳಿತಿಗಾಗಿ ಮನೆಯವರು ಬೀಗ ಹಾಕಿಡಬಹುದು ಎಂಬುದು ನಿಯಮವಾದರೆ, ಅಣ್ಣ ತನ್ನ ಪ್ರಮಾಣಪತ್ರಗಳನ್ನೂ ಆ ಬೀರುವಿನಲ್ಲಿಟ್ಟು ಕೀಲಿ ನಿಮ್ಮ ಕೈಗೆ ಕೊಡಲು ಸಿದ್ಧನಿರಬೇಕು. ಜೊತೆಗೆ ಇನ್ನೊಂದು ಷರತ್ತು, ಕಾರಣ ಕೊಡುವ ಹೊರೆ ಯಾವಾಗಲೂ ತಡೆಯುವವರ ಮೇಲೆ ಇರಬೇಕು. 'ಯಾಕೆ ಹೋಗಬೇಕು, ಹೇಳು' ಎಂದು ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸುವುದಲ್ಲ, 'ಯಾಕೆ ಹೋಗಬಾರದು' ಎಂದು ಅವರು ತೋರಿಸಬೇಕು. ನ್ಯಾಯಾಲಯದಲ್ಲಿ ಆರೋಪಿ ತನ್ನ ನಿರಪರಾಧವನ್ನು ಸಾಬೀತು ಮಾಡಬೇಕಿಲ್ಲವಲ್ಲ, ಅದೇ ತರ್ಕ ಇದು.

ತಡೆಯಲು ಒಳ್ಳೆಯ ಕಾರಣಗಳು ಇಲ್ಲವೆಂದಲ್ಲ. ನಿಮಗೆ ಪುಟ್ಟ ಮಗುವಿದ್ದು ಅದನ್ನು ಬಿಟ್ಟು ಹೊರಟಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಸಾಲಕ್ಕೆ ಅಣ್ಣನನ್ನು ಜಾಮೀನು ನಿಲ್ಲಿಸಿ ಕೈಬಿಟ್ಟು ಹೋಗುತ್ತಿದ್ದರೆ ಅದೂ ಬೇರೆ. ಸೋಂಕು ರೋಗ ಹರಡುವ ಕಾಲದಲ್ಲಿ 'ನನ್ನ ಓಡಾಟ ನನ್ನಿಷ್ಟ' ಎನ್ನುವವರನ್ನು ತಡೆಯಬಹುದು. ಮಾತಿನ ಸ್ವಾತಂತ್ರ್ಯಕ್ಕೂ ಸಂದರ್ಭ ಮಿತಿ ಹಾಕುತ್ತದೆ. ಧಾನ್ಯದ ವ್ಯಾಪಾರಿಗಳು ಬಡವರನ್ನು ಹಸಿವಿಗೆ ತಳ್ಳುತ್ತಾರೆ ಎಂದು ಪತ್ರಿಕೆಯಲ್ಲಿ ಬರೆಯಬಹುದು, ಆದರೆ ಅದೇ ಮಾತನ್ನು ಒಬ್ಬ ವ್ಯಾಪಾರಿಯ ಮನೆ ಮುಂದೆ ಕೆರಳಿ ನಿಂತ ಗುಂಪಿನೆದುರು ಕೂಗುವ ಹಾಗಿಲ್ಲ ಎಂದು ಮಿಲ್‌ನೇ ಹೇಳಿದ್ದಾನೆ. ಕೊಟ್ಟ ಮಾತು, ಹೊತ್ತ ಹೊಣೆ, ಇನ್ನೊಬ್ಬರ ಮೈಮೇಲೆ ಬೀಳುವ ಅಪಾಯ, ಇವು ನಿಜವಾದ ಮಿತಿಗಳು.

ಎಲ್ಲ ತಡೆಗಳ ತೂಕವೂ ಒಂದೇ ಅಲ್ಲ. ಕೆನಡಾದ ತತ್ವಜ್ಞಾನಿ ಚಾರ್ಲ್ಸ್ ಟೇಲರ್ 1979ರಲ್ಲಿ ಒಂದು ವಿಚಿತ್ರ ಹೋಲಿಕೆ ಕೊಟ್ಟರು. ಆಗ ಅಲ್ಬೇನಿಯಾದಲ್ಲಿ ಧರ್ಮಾಚರಣೆ ನಿಷೇಧವಾಗಿತ್ತು, ಬ್ರಿಟನ್ನಿನಲ್ಲಿ ಇರಲಿಲ್ಲ. ಆದರೆ ಲಂಡನ್ನಿನಲ್ಲಿ ಟ್ರಾಫಿಕ್ ಸಿಗ್ನಲ್‌ಗಳು ಹೆಚ್ಚು, ಅಲ್ಬೇನಿಯಾದಲ್ಲಿ ಕಡಿಮೆ. ಜನರನ್ನು ತಡೆದು ನಿಲ್ಲಿಸಿದ ಸಲಗಳನ್ನು ಸುಮ್ಮನೆ ಎಣಿಸಿದರೆ ಅಲ್ಬೇನಿಯಾವೇ ಹೆಚ್ಚು ಸ್ವತಂತ್ರ ಎಂದಾಗಬೇಕು! ಹಾಗೆ ಯಾರೂ ಹೇಳುವುದಿಲ್ಲ, ಏಕೆಂದರೆ ಸಿಗ್ನಲ್ ನಮ್ಮನ್ನು ಅರ್ಧ ನಿಮಿಷ ನಿಲ್ಲಿಸುತ್ತದೆ, ಆ ನಿಷೇಧ ಬದುಕಿನ ಬೇರನ್ನೇ ಮುಟ್ಟುತ್ತದೆ. ಎಲ್ಲಿ ಇರಬೇಕು, ಯಾವ ಕೆಲಸ ಮಾಡಬೇಕು, ಯಾರೊಂದಿಗೆ ಬಾಳಬೇಕು ಅಥವಾ ಬಾಳಬಾರದು, ಇವು ಬೇರಿಗೆ ಸೇರಿದ ಆಯ್ಕೆಗಳು. ಇವನ್ನು ತಡೆಯಲು ಕೊಡುವ ಕಾರಣವೂ ಅಷ್ಟೇ ಭಾರದ್ದಿರಬೇಕು. 'ಜನ ಏನಂದಾರು' ಎಂಬುದು ಆ ತೂಕಕ್ಕೆ ಬರುವುದಿಲ್ಲ.

ನಮ್ಮ ಭಾಷೆಯಲ್ಲಿ 'ಹಂಗು' ಎಂಬ ಒಂದು ಪದ ಇದೆ. ಇದಕ್ಕೆ ಸಮನಾದ ಪದ ತತ್ವಶಾಸ್ತ್ರದ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ. ಹಂಗಿನ ಅರಮನೆಗಿಂತ ಗುಡಿಸಲು ಲೇಸು ಎನ್ನುತ್ತೇವೆ. ಅರಮನೆಯಲ್ಲಿ ಯಾರೂ ಹೊಡೆಯುವುದಿಲ್ಲ, ಉಪವಾಸ ಕೆಡವುವುದಿಲ್ಲ, ಬಹುಶಃ ಯಾವುದಕ್ಕೂ ಬೇಡ ಎನ್ನುವುದೂ ಇಲ್ಲ. ಆದರೂ ಅದು ಗುಡಿಸಲಿಗಿಂತ ಕಡೆ, ಏಕೆ? ಅಲ್ಲಿ ಸಿಗುವುದೆಲ್ಲ ಇನ್ನೊಬ್ಬರ ಮರ್ಜಿಯ ಮೇಲೆ ನಿಂತಿದೆ. ಐರ್ಲೆಂಡಿನಲ್ಲಿ ಹುಟ್ಟಿದ ತತ್ವಜ್ಞಾನಿ ಫಿಲಿಪ್ ಪೆಟಿಟ್ 1997ರಿಂದ ಈಚೆಗೆ ವಾದಿಸುತ್ತಾ ಬಂದಿರುವುದು ಹೆಚ್ಚು ಕಡಿಮೆ ಇದನ್ನೇ. ಒಳ್ಳೆಯ ಯಜಮಾನ ಸಿಕ್ಕಿದ ಗುಲಾಮನನ್ನು ಯಾರೂ ತಡೆಯದಿದ್ದರೂ ಅವನು ಸ್ವತಂತ್ರನಲ್ಲ. ಯಜಮಾನನ ಮನಸ್ಸು ನಾಳೆ ತಿರುಗಬಹುದು, ಅದಕ್ಕೆ ಗುಲಾಮ ಇವತ್ತೇ ಅವನ ಮುಖ ನೋಡುತ್ತಾ ನಡೆಯುತ್ತಾನೆ. ಇನ್ನೊಬ್ಬರ ಕಣ್ಣಲ್ಲಿ ಕಣ್ಣಿಟ್ಟು, ಹೆದರದೆ, ಓಲೈಸದೆ ನೋಡಬಲ್ಲೆವೇ ಎಂಬುದೇ ಸ್ವಾತಂತ್ರ್ಯದ ಪರೀಕ್ಷೆ ಎನ್ನುತ್ತಾರೆ ಅವರು.

ಈ ಅರ್ಥವನ್ನು ಹಿಡಿದರೆ ನಿಮ್ಮ ಮನೆಯ ವಿಷಯದಲ್ಲಿ ಒಂದು ಗೊಂದಲ ಬಗೆಹರಿಯುತ್ತದೆ. ಸ್ವತಂತ್ರರಾಗಲು ನಂಟನ್ನು ಕಡಿದುಕೊಳ್ಳಬೇಕಿಲ್ಲ, ಹಂಗನ್ನು ಕಡಿದುಕೊಂಡರೆ ಸಾಕು. ನಂಟಿನಲ್ಲಿ ಕೊಡು-ಕೊಳ್ಳುವಿಕೆ ಇದೆ, ಸಿಟ್ಟು ಸೆಡವು ಇದೆ, ಹೊಣೆ ಇದೆ. ಹಂಗಿನಲ್ಲಿ ಒಂದು ಕಡೆಯವರ ಕೈಯಲ್ಲಿ ಕೀಲಿ ಇರುತ್ತದೆ. ನಾಳೆ ಅಣ್ಣನೇ ಕರಗಿ 'ಪಾಪ, ಹೋಗಲಿ' ಎಂದು ಬೀರು ತೆಗೆದರೂ, ತೆಗೆಯುವ ಅಧಿಕಾರ ತನ್ನದು ಎಂಬ ಭಾವ ಅವನಲ್ಲಿ ಉಳಿದಿದ್ದರೆ, ನಿಮಗೆ ಸಿಕ್ಕಿದ್ದು ರಜೆ, ಸ್ವಾತಂತ್ರ್ಯ ಅಲ್ಲ. ಸ್ವಂತ ಸಂಬಳ ಇರುವುದು ಈ ದೃಷ್ಟಿಯಿಂದ ಬರೀ ಅನುಕೂಲದ ಮಾತಲ್ಲ. ಅಮರ್ತ್ಯ ಸೇನ್ ಹೇಳುವ ಹಾಗೆ, ಉಪವಾಸ ಮಾಡುವವರೂ ಹಸಿದಿದ್ದಾರೆ, ತಿನ್ನಲು ಇಲ್ಲದವರೂ ಹಸಿದಿದ್ದಾರೆ. ವ್ಯತ್ಯಾಸ ಇರುವುದು ಮೊದಲಿನವರಿಗೆ ತಿನ್ನುವ ಸಾಧ್ಯತೆ ಇದ್ದದ್ದರಲ್ಲಿ. ಆಯ್ಕೆ ಮಾಡಿಕೊಳ್ಳಲು ಕೈಯಲ್ಲಿ ಏನಾದರೂ ಇರಬೇಕು.

ಇನ್ನು ಅಪ್ಪ.

ಮಿಲ್‌ನ ಹತ್ತಿರ ಇನ್ನೊಂದು ಉದಾಹರಣೆ ಇದೆ. ಮುರಿದುಬೀಳಲಿರುವ ಸೇತುವೆಯ ಮೇಲೆ ಒಬ್ಬ ಕಾಲಿಡುತ್ತಿದ್ದಾನೆ, ಅವನಿಗೆ ಅದು ಗೊತ್ತಿಲ್ಲ, ಕೂಗಿ ಹೇಳಲು ಸಮಯವಿಲ್ಲ. ಹಿಡಿದು ಎಳೆಯಬಹುದು. ಅದರಿಂದ ಅವನ ಸ್ವಾತಂತ್ರ್ಯಕ್ಕೆ ಧಕ್ಕೆಯಿಲ್ಲ, ಹೊಳೆಗೆ ಬೀಳುವುದು ಅವನ ಇಷ್ಟವಾಗಿರಲಿಲ್ಲವಲ್ಲ. ಆದರೆ ಸೇತುವೆ ಬೀಳುವುದು ಖಚಿತವಲ್ಲದೆ ಅಪಾಯ ಮಾತ್ರ ಇದ್ದರೆ, ಎಚ್ಚರಿಸಿ ಬಿಡಬೇಕು. ಆ ಅಪಾಯಕ್ಕೆ ಒಡ್ಡಿಕೊಳ್ಳಬೇಕೇ ಎಂಬುದು ಅವನ ತೀರ್ಮಾನ. ನಿಮ್ಮ ಅಪ್ಪನಿಗೆ ಸೇತುವೆಯ ಸ್ಥಿತಿ ಗೊತ್ತಿದೆ. ವೈದ್ಯರು ಹೇಳಿದ್ದಾರೆ, ನೀವು ಹೇಳಿದ್ದೀರಿ, ಅವರ ಎದೆಯ ಮೇಲಿನ ಗಾಯದ ಗುರುತು ಹೇಳುತ್ತಿದೆ.

ಇಲ್ಲಿ ನಾನು ಎಚ್ಚರದಿಂದ ನಡೆಯಬೇಕು, ಏಕೆಂದರೆ ಸಿಗರೇಟಿನ ವಿಷಯದಲ್ಲಿ 'ಇಷ್ಟ' ಎಂಬುದೇ ಅಷ್ಟು ಸರಳವಲ್ಲ. ಅಮೆರಿಕದ ತತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರಲ್ಲಿ ಹೇಳಿದ್ದು ನೆನಪಾಗುತ್ತದೆ: ಮನುಷ್ಯನಿಗೆ ಆಸೆಗಳು ಇರುವುದಲ್ಲದೆ, ತನ್ನ ಆಸೆಗಳ ಬಗ್ಗೆಯೂ ಆಸೆ ಇರುತ್ತದೆ. ಸೇದಬೇಕು ಅನ್ನಿಸುತ್ತದೆ, ಹಾಗೆ ಅನ್ನಿಸದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸುತ್ತದೆ. ಚಟಕ್ಕೆ ಸಿಕ್ಕವನು ಒಳಗೆ ಇಬ್ಬರಾಗಿದ್ದರೆ, 'ನನ್ನಿಷ್ಟ' ಎನ್ನುತ್ತಿರುವುದು ಯಾರು? ನಿಮ್ಮ ಅಪ್ಪನೋ, ನಿಕೋಟಿನ್ನೋ?

ಈ ಪ್ರಶ್ನೆ ಸತ್ಯವಾದದ್ದು, ಜೊತೆಗೆ ಬಹಳ ಅಪಾಯದ್ದು. 1958ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಚಿಂತಕ ಐಸಾಯಾ ಬರ್ಲಿನ್ ಕೊಟ್ಟ ಪ್ರಸಿದ್ಧ ಉಪನ್ಯಾಸದ ಎಚ್ಚರಿಕೆ ಇದರ ಬಗ್ಗೆಯೇ. ಯಾರೂ ಅಡ್ಡ ಬರದಿರುವುದು ಸ್ವಾತಂತ್ರ್ಯದ ಒಂದು ಅರ್ಥ, ತನಗೆ ತಾನೇ ಒಡೆಯನಾಗಿರುವುದು ಇನ್ನೊಂದು ಅರ್ಥ. ಎರಡನೆಯದು ಕೇಳಲು ಹಿರಿದು. ಆದರೆ ಮನುಷ್ಯನನ್ನು 'ನಿಜವಾದ ತಾನು', 'ಕೀಳಾದ ತಾನು' ಎಂದು ಒಮ್ಮೆ ಸೀಳಿದರೆ, ಆ 'ನಿಜವಾದ' ವ್ಯಕ್ತಿಯ ಪರವಾಗಿ ಮಾತಾಡುತ್ತೇನೆ ಎಂದು ಹೊರಗಿನವರು ಬಂದು ಕೂರುತ್ತಾರೆ. ಇಡೀ ಸಮುದಾಯದ ಸಾಮಾನ್ಯ ಇಚ್ಛೆಗೆ ಒಗ್ಗದವರನ್ನು ಬಲವಂತದಿಂದ ಸ್ವತಂತ್ರರನ್ನಾಗಿ ಮಾಡಬೇಕು ಎಂದು ಜಿನೀವಾ ಮೂಲದ ಚಿಂತಕ ರೂಸೋ 1762ರಲ್ಲೇ ಬರೆದಿದ್ದ. ಆ ಮಾತಿನ ನೆರಳಿನಲ್ಲಿ ಏನೆಲ್ಲ ನಡೆದಿದೆ ಎಂಬುದನ್ನು 20ನೇ ಶತಮಾನ ನೋಡಿದೆ. ಈಗ ನಿಮ್ಮ ಮನೆಗೆ ಬನ್ನಿ: 'ಅಪ್ಪನೊಳಗಿನ ನಿಜವಾದ ಅಪ್ಪನಿಗೆ ಸಿಗರೇಟು ಬೇಡ' ಎಂದು ನೀವು ಪ್ಯಾಕೆಟ್ ಕಿತ್ತರೆ, 'ತಂಗಿಯೊಳಗಿನ ನಿಜವಾದ ತಂಗಿಗೆ ಒಂಟಿತನ ಬೇಡ' ಎಂದು ಬೀಗ ಹಾಕಿದ ಅಣ್ಣನಿಗೆ ಏನು ಉತ್ತರ ಕೊಡುತ್ತೀರಿ?

ಆದ್ದರಿಂದ ಆ ಪ್ರಶ್ನೆಯನ್ನು ಕೇಳಬಹುದು, ಆದರೆ ಉತ್ತರ ಅಪ್ಪನ ಬಾಯಿಂದಲೇ ಬರಬೇಕು. 'ಬಿಡಬೇಕು ಅಂತ ನಿಮಗೇ ಯಾವತ್ತಾದರೂ ಅನ್ನಿಸುತ್ತದೆಯೇ ಅಪ್ಪ?' ಎಂದು, ಸಿಟ್ಟಿಲ್ಲದ ಒಂದು ಹೊತ್ತಿನಲ್ಲಿ ಕೇಳಿ. ಅನ್ನಿಸುತ್ತದೆ ಎಂದರೆ, ಅವರೇ ಒಪ್ಪಿದ ಮೇಲೆ, ಪ್ಯಾಕೆಟ್ ಅಡಗಿಸಿಡುವುದೂ ಸಹಾಯವೇ ಆಗುತ್ತದೆ. ಅದೇ ಕೈಕೆಲಸ, ಒಪ್ಪಿಗೆಯ ಮುಂಚೆ ಬಲಾತ್ಕಾರ, ಒಪ್ಪಿಗೆಯ ನಂತರ ಜೊತೆಗಾರಿಕೆ. ಇಲ್ಲ, ಅನ್ನಿಸುವುದಿಲ್ಲ, ಹೀಗೇ ಇರುತ್ತೇನೆ ಎಂದರೆ, ಆಗಲೂ ನಿಮ್ಮ ಕೈ ಪೂರ್ತಿ ಕಟ್ಟಿಲ್ಲ. ವಾದಿಸಬಹುದು, ಬೇಡಿಕೊಳ್ಳಬಹುದು, ನಿಮಗಾಗುವ ಭಯವನ್ನು ಮುಚ್ಚಿಡದೆ ಹೇಳಬಹುದು. ಮಿಲ್ ಇದಕ್ಕೆಲ್ಲ ಜಾಗ ಬಿಟ್ಟಿದ್ದಾನೆ. ಮನೆಯೊಳಗೆ ಸೇದಬೇಡಿ ಎಂದು ಮಾತ್ರ ಖಡಾಖಂಡಿತವಾಗಿ ಹೇಳಬಹುದು, ಏಕೆಂದರೆ ಆ ಹೊಗೆ ಅಮ್ಮನ ಎದೆಗೂ ಇಳಿಯುತ್ತದೆ. ಅಲ್ಲಿಗೆ ಅದು ಅವರೊಬ್ಬರ ದೇಹದ ಮಾತಾಗಿ ಉಳಿಯಲಿಲ್ಲ. ಅಷ್ಟರಾಚೆ, ಅವರ ಆಯ್ಕೆಯನ್ನು ನೋಡುತ್ತಾ ಇರುವ ಸಂಕಟ ನಿಮ್ಮ ಪಾಲಿಗೆ ಬಂದಿದೆ. ನಿಮ್ಮ ಅಮ್ಮ ಈ ಎರಡು ವಾರ ಪಡುತ್ತಿರುವ ಸಂಕಟವೂ ಇದೇ ಜಾತಿಯದು. ಒಬ್ಬರನ್ನು ಪ್ರೀತಿಸುತ್ತಾ, ಅವರ ಬದುಕನ್ನು ಅವರ ಕೈಯಲ್ಲೇ ಬಿಡುವಾಗ ಆಗುವ ಸಂಕಟ ಅದು. ಅಮ್ಮನಿಗೆ ಇದನ್ನೇ ಹೇಳಿ ನೋಡಿ. ನನ್ನ ಮಟ್ಟಿಗೆ ನಿಮ್ಮ ಹತ್ತಿರ ಇರುವ ಎಲ್ಲ ವಾದಗಳಿಗಿಂತ ಇದು ಅವರಿಗೆ ಹೆಚ್ಚು ತಲುಪೀತು.

ಅಣ್ಣನ ವಿಷಯ ಬೇರೆ. ಪ್ರಮಾಣಪತ್ರಗಳನ್ನು ವಾಪಸು ಕೊಡು ಎಂದು ಎಲ್ಲರ ಎದುರು, ದನಿ ಏರಿಸದೆ ಕೇಳಿ. ಅದಕ್ಕೆ ಪ್ರತಿಯಾಗಿ ಏನನ್ನೂ ಒಪ್ಪಿಕೊಳ್ಳಬೇಡಿ, 'ಒಂದು ವರ್ಷ ಮಾತ್ರ' ಎಂಬಂಥ ಚೌಕಾಸಿಗೂ ಇಳಿಯಬೇಡಿ. ಕೊಡದಿದ್ದರೆ, ಕೊಟ್ಟ ಸಂಸ್ಥೆಗಳಿಂದ ನಕಲು ಪ್ರತಿ ಪಡೆಯಲು ಇವತ್ತೇ ಅರ್ಜಿ ಹಾಕಿ, ಕೆಲಸ ಕೊಟ್ಟವರಿಗೆ ತಡವಾಗಬಹುದು ಎಂದು ತಿಳಿಸಿ. ಹೊರಡುವ ದಿನ ಗೊತ್ತಾದ ಮೇಲೆ ಅದನ್ನು ಮೊದಲು ಅಮ್ಮನಿಗೆ ಹೇಳಿ, ಅವರು ಉತ್ತರ ಕೊಡದಿದ್ದರೂ.